ಮೈನಸ್ ಮೂರರ ವರ್ಗ

ಫೆಬ್ರುವರಿ 9
ಎರಡನೇ ಮಗ್ಗದ ಬೆಲ್ಟ್ ಮತ್ತೆ ಕಟ್. ಮಧ್ಯಾಹ್ನದವರೆಗೆ ಅದೇ ಕೆಲಸ. ಮನೆಗೆ ಬಂದರೆ ಊಟ ಬಡಿಸುತ್ತಲೇ ನನ್ನ ಹೆಂಡತಿ ಶೈಲಶ್ರೀ ಶುರು— "ನಿಂಗರಾಜ ಸರ್ ಇವತ್ತ ಭಾಳ ಚಂದ ಹೇಳಿದ್ರು ರಿ. x ಅಂದ್ರ ಖಾಲಿ ಡಬ್ಬಿ ಇದ್ದಂಗ. ಅದನ್ನ ತಗದು ಅಲ್ಲಿ ಸಂಖ್ಯೆ ಇಡೂದು, ಅಷ್ಟ."

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಬಾಕಿ ಉಳಿದದ್ದು ಗಣಿತವೊಂದೇ. ಲಗ್ನವಾಗಿ ಇಷ್ಟು ವರ್ಷದ ಮೇಲೆ ಪರೀಕ್ಷೆ ಕಟ್ಟಿಸಿದ್ದು ನಾನು, ಟ್ಯೂಷನ್ ಹಚ್ಚಿದ್ದು ನಾನು. ಹೆಸರು ಮಾತ್ರ ಸರ್‌ದು! ನನ್ನ ಯಾವ ಮಾತನ್ನೂ ಅವಳು ಹೀಗೆ ಮುಖ ಅರಳಿಸಿ ಯಾರ ಮುಂದೂ ಹೇಳಿದ್ದಿಲ್ಲ. ಹೊಟ್ಟೆ ಉರಿಯುತ್ತದೆ. ಇಲ್ಲ ಅನ್ನಲಾರೆ.

ಫೆಬ್ರುವರಿ 12
ನಿಂಗರಾಜ ಸರ್ ಸಿಟ್ಟೇ ಮಾಡುವುದಿಲ್ಲವಂತೆ. ನೂರು ಸಲ ಕೇಳಿದರೂ ಹೇಳುತ್ತಾರಂತೆ. ಅಂತೆ, ಅಂತೆ! ನಾನೂ ಗಣಿತದಲ್ಲೇ ಡುಮ್ಕಿ ಹೊಡೆದವನು... ಅವಳಿಗೂ ಗೊತ್ತು.

ಫೆಬ್ರುವರಿ 17
ಇವತ್ತು ಗೆದ್ದೆ.

"x ಗೆ ಒಂದು ಬೆಲಿ ಕೊಡ್ರಿ, ಮಾಡಿ ತೋರಸ್ತೇನಿ" ಅಂದಳು. ಲೆಕ್ಕ x² + 5x. ಬೇಕಂತಲೇ ಮೈನಸ್ ಮೂರು ಕೊಟ್ಟೆ. (−3)² ಅಂತ ಕಂಸ ಹಾಕಿ 9 ಮಾಡಿದಳು, ಅದರಲ್ಲಿ 15 ಕಳೆದಳು. ಉತ್ತರ −6. ನಾನು ಮೊಬೈಲಿನಲ್ಲಿ −3² + 5 × −3 ಒತ್ತಿದೆ. −24!

"ತಪ್ಪು!"

"ಮೈನಸ್‌ಗೆ ಮೈನಸ್ ಗುಣಿಸಿದ್ರ ಪ್ಲಸ್ ರಿ. ಸರ್ ಹೇಳ್ಯಾರ."

"ನಿಮ್ಮ ಸರ್‌ಗಿಂತ ಮಷೀನಿಗೆ ಹೆಚ್ಚು ಗೊತ್ತೈತಿ. ತಪ್ಪ ಕಲಸಾವ್ನ ಹತ್ರ ಯಾಕ ಹೋಗ್ತಿ?"

ಮೊಬೈಲನ್ನೇ ಸ್ವಲ್ಪ ಹೊತ್ತು ನೋಡಿದಳು. ರಬ್ಬರ್ ತೆಗೆದುಕೊಂಡು ಉತ್ತರ ಒರೆಸಿದಳು. "ಹಂಗಾರ ನಾಳಿಂದ ಹೋಗಂಗಿಲ್ಲ" ಅಂದಳು. ಊಟಕ್ಕೆ ಎರಡು ರೊಟ್ಟಿ ಜಾಸ್ತಿ ತಿಂದೆ.

ಮಾರ್ಚ್ 6
ಮನೆಯಲ್ಲಿ ಆ ಹೆಸರೇ ಇಲ್ಲ. ಎಷ್ಟು ಶಾಂತಿ... ಒಬ್ಬಳೇ ಕೂತು ಓದುತ್ತಾಳೆ. ನನ್ನ ಮುಂದೆ ಲೆಕ್ಕದ ಮಾತೆತ್ತುವುದಿಲ್ಲ. ಬೇರೆ ಮಾತೂ ಕಡಿಮೆ.

ಮಾರ್ಚ್ 23
ಚಹಾದಂಗಡಿಯಲ್ಲಿ ನಿಂಗರಾಜ ಸಿಕ್ಕ. ಮೀಸೆ ಈಗಷ್ಟೇ ಚಿಗುರಿದ ಹುಡುಗ. ಹೋಗಿ ಹೋಗಿ ಇವನ ಮೇಲೆ ನನ್ನ ಹೊಟ್ಟೆಕಿಚ್ಚು!

"ಅಣ್ಣಾರ, ವೈನಿಯವರು ಯಾಕ ಬರವಲ್ರು? ನನ್ನ ಕಡೆ ಅವರಷ್ಟು ಶ್ಯಾಣ್ಯಾರು ಯಾರೂ ಇಲ್ಲ."

ಶ್ಯಾಣ್ಯಾರಂತೆ, ಜಾಣರಂತೆ. ಅದನ್ನು ಹೇಳಲು ಇವನ್ಯಾರು? ಬಿಡಲಿಲ್ಲ, ಮೊಬೈಲ್ ತೆಗೆದು −24 ಮಾಡಿ ತೋರಿಸಿದೆ. ನಕ್ಕ. ಅದೇ ಮೊಬೈಲಿನಲ್ಲಿ ಮೈನಸ್ ಮೂರಕ್ಕೆ ಕಂಸ ಹಾಕಿ ಒತ್ತಿದ. −6.

"ಕಂಸ ಹಾಕಲಿಲ್ಲಂದ್ರ ಇದು ಬರೇ ಮೂರರ ವರ್ಗ ಮಾಡಿ, ಮೈನಸ್ ಆಮ್ಯಾಲ ಹಚ್ಚತೈತಿ ಅಣ್ಣಾರ."

ನಾಳೆ ಪರೀಕ್ಷೆ. ಹೇಳಿದರೆ ಅವನು ದೊಡ್ಡವನಾದ, ನಾನು ಸಣ್ಣವನಾದೆ. ಹೇಳದಿದ್ದರೆ ಅವಳು ನನ್ನ ಮಾತು ನಂಬಿ ತಪ್ಪು ಬರೆದು ಮತ್ತೆ ನಪಾಸು. ಊಟಕ್ಕೆ ಕೂತಾಗ ಬಾಯಿ ತೆರೆದೆ. ಉಪ್ಪು ಕೇಳಿ ಮುಚ್ಚಿದೆ.

ಮಾರ್ಚ್ 24, ಬೆಳಿಗ್ಗೆ 10.40, ಹುನಗುಂದ
ಪರೀಕ್ಷಾ ಕೇಂದ್ರದ ಹೊರಗೆ ಕೂತಿದ್ದೇನೆ. ಇಳಕಲ್ಲಿನಿಂದ ಬೈಕಿನಲ್ಲಿ ಬಂದೆವು. ಗೇಟಿನ ಹತ್ತಿರ ಅವಳು ಹಾಲ್‌ಟಿಕೆಟ್ ತೆಗೆದಾಗ ಅಂದೇಬಿಟ್ಟೆ—

"ಶೈಲೂ, ಕಂಸ ಹಾಕು. ಅವತ್ತ ನಂದ ತಪ್ಪು. ನಿಂದು ಬರೋಬ್ಬರಿ ಇತ್ತು."

"ಗೊತ್ತೈತ್ರಿ."

"ಯಾವಾಗ ಗೊತ್ತಾತು?"

"ಅವತ್ತ."

"ಮತ್ಯಾಕ ಒರಸಿದಿ?"

"ಟ್ಯೂಷನ್ ಬಿಡಸಾಕ ನಿಮಗೊಂದು ನೆವ ಬೇಕಾಗಿತ್ತು. ಕೊಟ್ಟೆ."

ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಹೊರಗೆ ಬಂದ ಮೇಲೆ ನನ್ನ ಬೈಕು ಹತ್ತುತ್ತಾಳೋ, ಬಸ್ ಹಿಡಿಯುತ್ತಾಳೋ. ಇಲ್ಲ, ಮೊದಲು ನಾನೇ ಅವಳಿಗೆ ನನ್ನ ಹೊಟ್ಟೆಕಿಚ್ಚಿನ ಮಾತು ಹೇಳಿಬಿಡಬೇಕು.