ಮಲ್ಲಿಗೆ ಪೊಟ್ಟಣದಲ್ಲಿ ಹೋದ ಹುಳಗಳು

ಆರೋಗ್ಯ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಹೋದ ತಿಂಗಳು ತಾವು ಭಟ್ಕಳದ ನಮ್ಮ ಕಾಲೇಜಿಗೆ ದಯಮಾಡಿಸಿ, ಪ್ರಾಣಿಶಾಸ್ತ್ರ ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿದ್ದ ಹುಳಗಳ ಮೇಲೆ ಫಿನಾಯಿಲ್ ಸುರಿಸಿ, ಬಾಗಿಲಿಗೆ ಬೀಗ ಜಡಿಸಿ, ಚಾವಿಯನ್ನು ಒಯ್ದಿದ್ದೀರಿ. ಆ ಚಾವಿ ವಾಪಸು ಬೇಕು. ಇದನ್ನು ಪತ್ರಿಕೆಯಲ್ಲಿ ಏಕೆ ಬರೆಯಬೇಕಿತ್ತು ಎಂದು ಕೇಳಬೇಡಿ. ಕಚೇರಿಗೆ ಬಂದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂಬ ಉತ್ತರ ಸಿಕ್ಕಿತು. ಮೀಟಿಂಗಿನಲ್ಲಿ ಪತ್ರಿಕೆಯನ್ನಾದರೂ ಓದುತ್ತೀರಲ್ಲ, ಅದಕ್ಕೆ.

ನಾನು ಹೆಬಳೆಯಲ್ಲಿ ಮಲ್ಲಿಗೆ ಬೆಳೆಸುವವಳು. "ಹೂವಿನವಳಿಗೂ ಹುಳಕ್ಕೂ ಎಂತ ಸಂಬಂಧ?" ಎಂದು ತಮ್ಮ ಗುಮಾಸ್ತರು ನಕ್ಕರು. ಸಂಬಂಧ ಇದೆ. ಆ ಹುಳಗಳನ್ನು ಸಾಕುತ್ತಿದ್ದ ಉಪನ್ಯಾಸಕಿ ದಿವ್ಯಶ್ರೀ ನಮ್ಮ ಮನೆಯ ಜಗುಲಿಕೋಣೆಯಲ್ಲಿ ಬಾಡಿಗೆಗಿದ್ದಾಳೆ. ಕುಮಟೆಯ ಕಾಲೇಜೊಂದರಲ್ಲಿರುವ ಗೆಳತಿಯೂ ಅವಳೂ ಸೇರಿ ಈ ಕೆಲಸ ಮಾಡುತ್ತಿದ್ದರು. ತಟ್ಟೆಗಳನ್ನು ಅಲ್ಲಿಗೆ ಕಳಿಸಬೇಕು, ಸೆಖೆಗೆ ಹುಳ ಸಾಯಬಾರದು. ದಾರಿ ತೋರಿಸಿದವಳು ನಾನೇ. ಮಲ್ಲಿಗೆ ಬಾಡದಂತೆ ಕಳಿಸುವ ನಮಗೆ ಹುಳ ಬಾಡದಂತೆ ಕಳಿಸುವುದು ಯಾವ ಮಹಾ? ಒದ್ದೆ ಬಾಳೆಲೆಯಲ್ಲಿ ಸುತ್ತಿ, ನಾರಿನಿಂದ ಕಟ್ಟಿ, ಬೆಳಗಿನ ಬಸ್ಸಿಗೆ ಕೊಡುತ್ತಿದ್ದೆವು.

ಪೊಟ್ಟಣದ ಮೇಲೆ ಹೆಸರು ಬರೆಯುವ ರೂಢಿ ನಮ್ಮಲ್ಲಿಲ್ಲ. ನಾರಿನ ಗಂಟು ನೋಡಿಯೇ ಯಾವುದು ಯಾರಿಗೆ ಎಂದು ಕಂಡಕ್ಟರ್ ಜಟ್ಟಿಗೆ ತಿಳಿಯುತ್ತದೆ. ಆ ದಿನ ಜಟ್ಟಿ ರಜೆಯಲ್ಲಿದ್ದ. ಬದಲಿಗೆ ಬಂದ ಹೊಸಬನಿಗೆ ನಮ್ಮ ಗಂಟಿನ ಗುಟ್ಟು ಹೇಗೆ ಗೊತ್ತಾಗಬೇಕು? ಕುಮಟೆಯ ಮದುವೆಮನೆಗೆ ಹೋಗಬೇಕಾದ ಮಲ್ಲಿಗೆ ಕಾಲೇಜಿಗೆ ಹೋಯಿತು, ಕಾಲೇಜಿನ ಹುಳಗಳು ಮದುವೆಮನೆಗೆ ಹೋದವು. ಮದುಮಗಳ ತಾಯಿ ಪೊಟ್ಟಣ ಬಿಚ್ಚಿ, "ಅಯ್ಯಯ್ಯೋ, ಇದೆಂತದೇ! ಹೂ ಎಲ್ಲಿ ಹೋತು?" ಎಂದು ಕೂಗಿಕೊಂಡರಂತೆ. ಪಾಪ, ಅವರಲ್ಲಿಗೆ ನಾನು ಹೋಗಿ ತಪ್ಪಾಯಿತೆಂದು ಹೇಳಿ ಬಂದಿದ್ದೇನೆ. ಅವರು ನಕ್ಕು ಚಾ ಕೊಟ್ಟರು. ಆದರೆ ಅದೇ ಮದುವೆಗೆ ಊಟಕ್ಕೆ ಬಂದಿದ್ದ ತಾವು ಪೊಟ್ಟಣದ ಗಾಜಿನ ತಟ್ಟೆಯನ್ನು ಬೆಳಕಿಗೆ ಹಿಡಿದು, ಮಿಸುಕುವ ಬಿಳಿ ಎಳೆಗಳನ್ನು ಕಂಡು, ಇವು ಜಂತುಹುಳಗಳೇ ಎಂದು ಅಲ್ಲೇ ತೀರ್ಪು ಕೊಟ್ಟಿರಿ. ಪಾಯಸ ಆರುವ ಮೊದಲೇ ಇಷ್ಟು ದೊಡ್ಡ ಸಂಶೋಧನೆ ಮಾಡಿದವರು ಈ ಜಿಲ್ಲೆಯಲ್ಲಿ ತಾವೊಬ್ಬರೇ ಇರಬೇಕು.

ಪೊಟ್ಟಣದ ಜಾಡು ಹಿಡಿದು ಮರುದಿನ ಕಾಲೇಜಿಗೆ ಬಂದ ತಾವು ದಿವ್ಯಶ್ರೀಯನ್ನು ಕೇಳಿದ ಪ್ರಶ್ನೆ ಊರಿಡೀ ಹಬ್ಬಿದೆ: "ಇವು ಯಾರ ಹೊಟ್ಟೆಯಿಂದ ತೆಗೆದದ್ದು?" ಯಾರ ಹೊಟ್ಟೆಯಿಂದಲೂ ಅಲ್ಲ ಸ್ವಾಮಿ. ಇವು ಕೊಳೆತ ಹಣ್ಣಿನಲ್ಲಿ, ಗೊಬ್ಬರದ ಮಣ್ಣಿನಲ್ಲಿ ಬದುಕುವ ದುಂಡುಹುಳಗಳು. ಮನುಷ್ಯನ ಹೊಟ್ಟೆ ಇವಕ್ಕೆ ಬೇಡವೇ ಬೇಡ. ಅವಳು ಪುಸ್ತಕ ತೆರೆದು ತೋರಿಸಲು ಹೋದರೆ ತಾವು ಕೈ ಅಡ್ಡ ಹಿಡಿದಿರಿ. ವಿದ್ಯಾರ್ಥಿಗಳಿಗೆಲ್ಲ ಹುಳದ ಗುಳಿಗೆ ನುಂಗಿಸಿದಿರಿ. ನಮ್ಮ ಮನೆಗೂ ಗುಳಿಗೆ ಬಂತು. ನನ್ನ ಅತ್ತೆ ಈರಮ್ಮ ಅದನ್ನು ಅಂಗಳಕ್ಕೆಸೆದು, "ಹುಳಕ್ಕೆ ನಮ್ಗೆ ಕಿರಾತಕಡ್ಡಿ ಕಷಾಯ ಸಾಕು, ಇದನ್ನ ನಿಮ್ಮ ಸಾಹೇಬ್ರಿಗೇ ಕೊಡಿ" ಎಂದು ಕಳಿಸಿದರು. ತಲುಪಿತೇ?

ಈಗ ನನ್ನ ಕೈಯ ವಿಷಯ ಹೇಳುತ್ತೇನೆ. ಇದು ಈ ಗದ್ದಲಕ್ಕಿಂತ ಮೊದಲಿನದು. ನಾರು ತೆಗೆಯಲು ಬಾಳೆದಿಂಡು ಸೀಳುವಾಗ ಕತ್ತಿ ಜಾರಿ ಬಲಗೈಯ ಮಣಿಕಟ್ಟಿಗೆ ಬಿತ್ತು. ಚರ್ಮಕ್ಕೆ ಹೊಲಿಗೆ ಹಾಕಿದರು, ಗಾಯ ಮಾಯಿತು. ಒಳಗೆ ನರ ತುಂಡಾಗಿದೆ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಒಂದು ದಿನ ದೋಸೆ ಹುಯ್ಯುತ್ತಿದ್ದೆ. ಅತ್ತೆ ಓಡಿ ಬಂದು ನನ್ನ ಕೈ ಎಳೆದರು. "ಬೆರಳು ಸುಡ್ತಾ ಇತ್ತಲೇ! ನಿಂಗೆ ಗೊತ್ತೇ ಆಗೂದಿಲ್ಲೇನೇ?" ಗೊತ್ತಾಗಿರಲಿಲ್ಲ. ವಾಸನೆ ಬಂದಿತ್ತು, ದೋಸೆ ಸೀದಿತೆಂದುಕೊಂಡಿದ್ದೆ. ಮಲ್ಲಿಗೆ ಕಟ್ಟುವುದು ಕಣ್ಣಿನ ಕೆಲಸವಲ್ಲ, ಬೆರಳ ತುದಿಯ ಕೆಲಸ. ಬಿಗಿ ಹೆಚ್ಚಾದರೆ ತೊಟ್ಟು ಮುರಿಯುತ್ತದೆ, ಸಡಿಲಾದರೆ ಮೊಗ್ಗು ಉದುರುತ್ತದೆ. ಈಗ ನಾನು ಕಟ್ಟಿದ ದಂಡೆ ಮುಡಿಗೇರುವ ಮೊದಲೇ ಉದುರುತ್ತದೆ. ಬೆಳೆಸುವುದು ನಾನು, ಕಟ್ಟುವವರು ಬೇರೆಯವರು. ಹಾಗೆ ಬದುಕುವುದು ಎಷ್ಟು ಬೇಸರ ಎಂದು ತಮಗೆ ಹೇಗೆ ಹೇಳಲಿ?

ದಿವ್ಯಶ್ರೀ ಒಂದು ದಿನ ನನ್ನನ್ನು ಕಾಲೇಜಿಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ಹುಳ ತೋರಿಸಿದಳು. ಅವು ಮುಂಬಯಿಯ ಸಂಶೋಧನಾ ಸಂಸ್ಥೆಯೊಂದರಿಂದ ಬಂದ ತಳಿಗಳು. ಒಂದು ಜೀನ್ ಕೆಟ್ಟಿರುವುದರಿಂದ ಅವುಗಳ ನರ ಎಷ್ಟು ದುರ್ಬಲವೆಂದರೆ, ಹರಿದಾಡುವಾಗ ತಾನಾಗಿಯೇ ತುಂಡಾಗುತ್ತದೆ. ತುಂಡಾದದ್ದು ಮತ್ತೆ ಚಿಗುರುತ್ತದೆ. ಕೆಲವು ತಳಿಗಳಲ್ಲಿ ಇನ್ನೊಂದು ಜೀನ್ ಸಹ ಬದಲಾಗಿದೆ, ಅವುಗಳಲ್ಲಿ ಚಿಗುರುವುದೇ ಇಲ್ಲ. ಹಾಗಾದರೆ ಚಿಗುರು ಎಂದು ನರಕ್ಕೆ ಹೇಳುವುದು ಯಾವ ಜೀನ್? ಇವರು ಹುಡುಕುತ್ತಿದ್ದದ್ದು ಅದನ್ನು. ಯಾವ ಹುಳ ಸರಾಗ ಹರಿಯುತ್ತದೆ, ಯಾವುದು ತೆವಳುತ್ತದೆ ಎಂದು ನೋಡಿ ಬೇರ್ಪಡಿಸಿ ಮುಂಬಯಿಗೆ ತಿಳಿಸುವುದು ಅವರ ಪಾಲಿನ ಕೆಲಸ. ಎಳೆಯಷ್ಟೂ ದಪ್ಪವಿಲ್ಲದ ಆ ಹುಳ ಬಳುಕುತ್ತ ಹೋಗುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು. ಹುಳದ ಮೇಲೆ ಹೊಟ್ಟೆಕಿಚ್ಚು! ನಗಬೇಕೆನಿಸಿದರೆ ನಗಿ.

"ರೇಖಕ್ಕ, ಸುಳ್ಳು ಹೇಳೂದಿಲ್ಲ, ಇದ್ರಿಂದ ನಿಮ್ಮ ಕೈ ಸರಿಯಾಗೂದಿಲ್ಲ" ಎಂದಳು ಅವಳು.

"ಆಗ್ದಿದ್ರೆ ಬೇಡ. ಇನ್ಯಾರಿಗಾದ್ರೂ ಆತದ್ಯಲ್ಲ, ನೀ ಮಾಡು" ಎಂದೆ.

ಒಂದು ಮಾತು ಒಪ್ಪುತ್ತೇನೆ. ಹುಳದ ತಟ್ಟೆಯನ್ನು ಹೂವಿನ ಜೊತೆ, ಹೆಸರಿಲ್ಲದೆ, ಬಸ್ಸಿಗೆ ಕೊಟ್ಟದ್ದು ಸರಿಯಲ್ಲ. ಅದಕ್ಕೆ ದಂಡ ಹಾಕಿ, ಎಚ್ಚರಿಕೆ ಕೊಡಿ, ಬೇರೆ ಡಬ್ಬಿಯಲ್ಲಿ ಚೀಟಿ ಅಂಟಿಸಿ ಕಳಿಸಿ ಎನ್ನಿ. ಅದು ಬಿಟ್ಟು ಫಿನಾಯಿಲ್ಲೇ? ತೋಟದಲ್ಲಿ ಹಾವು ಕಂಡಿತೆಂದು ತೋಟಕ್ಕೇ ಬೆಂಕಿ ಇಡುತ್ತಾರೆಯೇ? ಹೊನ್ನಾವರದಿಂದ ಭಟ್ಕಳದವರೆಗೆ ಹೆದ್ದಾರಿಯ ಅಪಘಾತಗಳಲ್ಲಿ ನರ ಹೋಗಿ ಹಾಸಿಗೆ ಹಿಡಿದವರು ಎಷ್ಟು ಮಂದಿ ಇದ್ದಾರೆಂದು ಆರೋಗ್ಯ ಇಲಾಖೆಯವರಾದ ತಮಗೇ ನಾನು ಹೇಳಿಕೊಡಬೇಕೇ? ನರ ಹೇಗೆ ಚಿಗುರುತ್ತದೆ ಎಂದು ಇಬ್ಬರು ಹೆಣ್ಣುಮಕ್ಕಳು ಕುಳಿತು ನೋಡಿದರೆ ತಮಗೆ ಬಂದ ತೊಂದರೆಯಾದರೂ ಏನು? ದೊಡ್ಡ ವಿಜ್ಞಾನ ದೊಡ್ಡ ಪೇಟೆಯಲ್ಲೇ ಆಗಬೇಕು, ಭಟ್ಕಳದವರು ಮಲ್ಲಿಗೆ ಕಟ್ಟಿಕೊಂಡಿರಲಿ ಎಂದೇ? ನನಗೆ ಅದೂ ಆಗುವುದಿಲ್ಲವಲ್ಲ ಸ್ವಾಮಿ!

ಸತ್ತ ತಳಿಗಳನ್ನು ಮತ್ತೆ ಕಳಿಸಲು ಮುಂಬಯಿಯವರು ಸಿದ್ಧರಿದ್ದಾರೆ. ಅವರ ಹತ್ತಿರ ಹಿಮದಲ್ಲಿಟ್ಟ ದಾಸ್ತಾನು ಇದೆಯಂತೆ. ಆದರೆ ತಮ್ಮ ಆದೇಶ ರದ್ದಾಗದೆ ಕಳಿಸುವುದಿಲ್ಲ. ಮಳೆಗಾಲದೊಳಗೆ ಕೋಣೆ ತೆರೆಯದಿದ್ದರೆ ಈ ಕೆಲಸವನ್ನು ಬೇರೆ ಊರಿಗೆ ಕೊಡುತ್ತಾರೆ. ಕೊಟ್ಟರೆ ದಿವ್ಯಶ್ರೀಯೂ ಹೋಗುತ್ತಾಳೆ. ಅವಳು ಬಾಯಿಬಿಟ್ಟು ಹೇಳಿಲ್ಲ, ಆದರೆ ಹೋದ ವಾರದಿಂದ ಪೆಟ್ಟಿಗೆ ಒರೆಸಿ ಬಿಸಿಲಿಗಿಡುತ್ತಿದ್ದಾಳೆ.

ಆದ್ದರಿಂದ ಆದೇಶ ಹಿಂತೆಗೆದುಕೊಳ್ಳಿ. ಅವು ಜಂತುಹುಳಗಳಲ್ಲ ಎಂದು ತಾವೇ ಸಹಿ ಹಾಕಿ ಕಾಲೇಜಿನ ಗೋಡೆಗೆ ಅಂಟಿಸಿ. ನನ್ನ ಬಳಿ ಕ್ಷಮೆ ಕೇಳುವುದು ಬೇಡ. ತಾವು ಬಂದು ನನ್ನ ಬಲಗೈ ಹಿಡಿದುಕೊಂಡರೂ ಹಿಡಿದದ್ದು ನನಗೆ ತಿಳಿಯುವುದಿಲ್ಲ. ದಿವ್ಯಶ್ರೀಯ ಕೈಗೆ ಚಾವಿ ಕೊಡಿ. ಅವಳಿಗೆ ತಿಳಿಯುತ್ತದೆ.

ಇಂತಿ, ತಮ್ಮ ಗುಳಿಗೆ ನುಂಗದ,
ರೇಖಾ ದುರ್ಗಪ್ಪ ನಾಯ್ಕ
ಹೆಬಳೆ, ಭಟ್ಕಳ
(ಎಡಗೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟಗಿದ್ದರೆ ಮುದ್ರಿಸುವವರು ಸರಿಪಡಿಸಿಕೊಳ್ಳಲಿ)