ಇವತ್ತು ಒಪ್ಪತ್ತು ಬೇಡ

ಅತ್ತೆ,

ತಿಥಿಗೆ ಬಂದಿದ್ದವರೆಲ್ಲ ನಿನ್ನೆ ಹೊರಟರು. ಇವತ್ತು ಮಾಮೂಲಿ ಬೆಳಗ್ಗೆ. ಹಾಲು ಕಾಯಿಸಿಟ್ಟಿದ್ದೇನೆ. ಆಸ್ಪತ್ರೆಯ ಟೋಕನ್ನಿಗೆ ನಾನು ಮೊದಲ ಬಸ್ಸಿನಲ್ಲಿ ತಿಪಟೂರಿಗೆ ಹೋಗುತ್ತೇನೆ. ನೀವು ಆಮೇಲಿನ ಬಸ್ಸಿಗೆ ಪಕ್ಕದ ಮನೆಯ ಭಾಗ್ಯನ ಜೊತೆ ಬನ್ನಿ. "ಮಗನೇ ಹೋದ, ನಂಗ್ಯಾಕಮ್ಮ ಆಸ್ಪತ್ರೆ" ಅನ್ನಬೇಡಿ. ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ರಕ್ತ ಕಂಡಿದೆ. ಗರ್ಭಕೋಶದ ಚೂರು ತೆಗೆದು ಪರೀಕ್ಷಿಸಲೇಬೇಕು.

ಶನಿವಾರವೆಂದು ಒಪ್ಪತ್ತು ಇರಬೇಡಿ. ನೋವಿನ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗುವಂತಿಲ್ಲ. ಉಪ್ಪಿಟ್ಟು ತಿಂದು, ಬಸ್ ಹತ್ತುವ ಮುಂಚೆ ನುಂಗಿ.

ಅಟ್ಟದ ಕೊಬ್ಬರಿ ಇಳಿಸುವವರು ಬಂದರೆ ಸೋಮವಾರ ಬನ್ನಿ ಅನ್ನಿ.

ಡಾಕ್ಟರಮ್ಮ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ, ಕೇಳಿ ಒಪ್ಪಿಸಿದ್ದೇನೆ. ಆಮೇಲೂ ನೋವಾದರೆ "ನಿಲ್ಸಿ" ಅನ್ನಿ, ನಿಲ್ಲಿಸುತ್ತಾರೆ. "ಹೆತ್ತೋಳ್ಗೆ ಇದ್ಯಾವ್ ನೋವು ಬುಡಿ" ಅನ್ನುವ ಶೂರತನ ಅಲ್ಲಿ ಬೇಡ. ಮಗುವಾಗಲಿಲ್ಲವೆಂದು ಹೋದ ವರ್ಷ ನನಗೂ ಇದನ್ನೇ ಮಾಡಿದಾಗ, ಹೆಂಗಸರು ತಡೆದುಕೊಳ್ಳಬೇಕೆಂಬ ನಿಮ್ಮ ಮಾತು ನಂಬಿ ಹಲ್ಲು ಕಚ್ಚಿಕೊಂಡಿದ್ದೆ. ಇಂಜೆಕ್ಷನ್ ಕೇಳಬಹುದೆಂದು ಗೊತ್ತಿರಲಿಲ್ಲ. ಹೊರಗೆ ಕೂತಿದ್ದ ನಿಮ್ಮ ಮಗನಿಗೆ ನನ್ನ ಮುಖ ನೋಡಿಯೇ ತಿಳಿಯಿತು. ಆ ಸಂಜೆ ಪುಟ್ಟಗಂಗಮ್ಮನವರ ಮನೆಯಿಂದ ಬಿಸಿನೀರಿನ ಚೀಲ ಕೇಳಿ ತಂದರು. ಅದು ಇನ್ನೂ ನಮ್ಮಲ್ಲೇ ಇದೆ.

ತೀರಿಹೋದವರು ಕೇಳಿ ತಂದಿದ್ದು ಮನೆಯಲ್ಲಿ ಉಳಿಯಬಾರದು ಎಂದವರು ನೀವೇ. ಸಂಜೆ ನಿಮ್ಮ ಹೊಟ್ಟೆಗೆ ಇಡಲು ತಿಪಟೂರಿನಲ್ಲಿ ಹೊಸದು ಕೊಳ್ಳುತ್ತೇನೆ. ಅವರು ತಂದಿದ್ದನ್ನು ತೊಳೆದು ಒರೆಸಿ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ದಾರಿಯಲ್ಲಿ ನಾನೇ ಪುಟ್ಟಗಂಗಮ್ಮನವರ ಕೈಗೆ ಕೊಡುತ್ತೇನೆ.

ಯಮುನಾ