ತೊಳೆಯದೆ ಬಿಟ್ಟ ಸ್ಪಂಜು

ಅತ್ತೆಮ್ಮಾ,

ರೇಷ್ಮೆ ಇಲಾಖೆಯವರು ಕೊಟ್ಟ ಕಾಗದಗಳನ್ನೆಲ್ಲ ನಿಮಗೆ ಓದಿ ಹೇಳುತ್ತಿದ್ದವಳು ನಾನೇ ಅಲ್ಲವೇ? ಅದಕ್ಕೇ ಇದನ್ನೂ ಬರೆಯುತ್ತ ಬರೆಯುತ್ತ ಬಾಯಿಬಿಟ್ಟು ಓದುತ್ತಿದ್ದೇನೆ. ನಿಮ್ಮ ಮಗ ಒಮ್ಮೆ ಇಣುಕಿ ನೋಡಿ, ಇವಳಿಗೇನೋ ಆಗಿದೆ ಅಂದುಕೊಂಡು ತೋಟದ ಕಡೆ ಹೋದರು. ಅಂದುಕೊಳ್ಳಲಿ ಬಿಡಿ.

ಆವತ್ತು ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗಾಗಿ ಕಾಯುತ್ತ ಕೂತಿದ್ದೆವಲ್ಲ, ನೆನಪಿದೆಯಾ? ಸಾತನೂರಿನಿಂದ ಮೊದಲ ಬಸ್ಸು ಹಿಡಿದು ಹೋಗಿದ್ದೆವು. ಗೋಡೆಯ ಪಕ್ಕ ಗಾಜಿನ ತೊಟ್ಟಿಯಲ್ಲಿ ಮೀನುಗಳಿದ್ದವು. ನೀವು ನೋವನ್ನೂ ಮರೆತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟಿರಿ. ಬಾಲದ ತುದಿ ಬೆಳ್ಳಗಿದ್ದ ಒಂದು ಕೆಂಪು ಮೀನಿಗೆ ಬೆರಳು ತೋರಿಸಿ, "ನಮ್ ರೇಸ್ಮೆ ಉಳದಂಗೇ ಕಣೆ, ಬಾಯಿಲ್ದ ಜೀವ. ನಮ್ಮನೇಲೂ ಒಂದು ಮಡಗಾನ" ಅಂದಿರಿ. ಇಷ್ಟು ವರ್ಷದಲ್ಲಿ ನೀವು ನನ್ನ ಹತ್ತಿರ ಏನಾದರೂ ಕೇಳಿದ್ದು ಅಂದರೆ ಅದೊಂದೇ. ನಾನು ಏನಂದೆ? "ಈ ಬೆಳೆ ಇಳೀಲಿ ಬುಡಿ ಅತ್ತೆಮ್ಮಾ, ಆಮೇಲೆ ನೋಡಾನ" ಅಂದೆ. ಬೆಳೆ ಇಳಿಯಿತು. ಹುಳ ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿದ ಗೂಡೆಲ್ಲ ರಾಮನಗರದ ಮಾರ್ಕೆಟ್ಟಿಗೆ ಹೋದ ಎರಡನೆಯ ದಿನ ನೀವೂ ಹೊರಟುಬಿಟ್ಟಿರಿ. ಸಾಯುವುದಕ್ಕೂ ಬೆಳೆ ಇಳಿಯಲಿ ಅಂತ ಕಾದವರು, ಇನ್ನೊಂದು ವಾರ ಕಾಯಬಾರದಿತ್ತೇ?

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಹುಳದ ಮನೆಯ ಹೊಸ್ತಿಲನ್ನೇ ದಾಟಲು ಬಿಡುತ್ತಿರಲಿಲ್ಲ ನೀವು. ಕಾಲು ತೊಳೆ, ಕೈ ತೊಳೆ, ಬ್ಲೀಚಿಂಗ್ ನೀರಲ್ಲಿ ಪಾದ ಅದ್ದು... ಬೇರೆ ಮನೆಯ ಹುಳದ ತಟ್ಟೆಯಾಗಲಿ ಚಂದ್ರಿಕೆಯಾಗಲಿ ನಮ್ಮ ಬಾಗಿಲೊಳಗೆ ಬರಕೂಡದು, ರೋಗ ಅಂಟುತ್ತದೆ. ನಿಮ್ಮ ಒಡಹುಟ್ಟಿದ ತಂಗಿಯ ಮನೆಯಲ್ಲಿ ಹುಳಕ್ಕೆ ಹಾಲುರೋಗ ಬಂದಿದೆ ಅಂತ, ಅವರನ್ನು ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು ಕಳಿಸಿದಿರಿ. ಎಂಥ ಕಲ್ಲೆದೆಯಪ್ಪಾ ಅಂತ ಒಳಗೊಳಗೇ ಬೈದುಕೊಂಡಿದ್ದೆ. ಆದರೆ ಊರಲ್ಲಿ ಯಾರ ಹುಳ ಹೋದರೂ ನಮ್ಮದು ಹೋಗಲಿಲ್ಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದ ಈ ಕಾಲದಲ್ಲಿ ನಮ್ಮ ಮನೆಗೆ ತಾರಸಿ ಬಂದದ್ದು ನಿಮ್ಮ ಆ ಬ್ಲೀಚಿಂಗ್ ಬಕೆಟ್ಟಿನಿಂದಲೇ.

ತಿಥಿ ಮುಗಿದ ವಾರಕ್ಕೆ ನಿಮ್ಮ ಮಗ ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ, ಗಾಜಿನ ತೊಟ್ಟಿ, ಗಾಳಿ ಊದುವ ಪುಟ್ಟ ಪಂಪು, ನೀರು ಶುದ್ಧ ಮಾಡುವ ಸ್ಪಂಜು, ಪ್ಲಾಸ್ಟಿಕ್ ಚೀಲದಲ್ಲಿ ಆರು ಕೆಂಪು ಮೀನು ತಂದರು. ಒಂದರ ಬಾಲದ ತುದಿ ಬೆಳ್ಳಗಿತ್ತು. ಅಂಗಡಿ ಅಂಗಡಿ ಅಲೆದರಂತೆ ಅದಕ್ಕಾಗಿ. ಊರವರೆಲ್ಲ ಶೋಕೇಸಿನಲ್ಲಿ ಟೀವಿ ಇಡುತ್ತಿದ್ದರೆ ನಮ್ಮದರಲ್ಲಿ ಮೀನು ಬಂದು ಕೂತವು. ನೀವಿದ್ದಾಗ ಆಗಲಿಲ್ಲ, ಈಗಲಾದರೂ ನೀವು ಹುಳ ಸಾಕುತ್ತಿದ್ದ ಹಾಗೆಯೇ ಸಾಕುತ್ತೇನೆ ಅಂತ ಪಣ ತೊಟ್ಟೆ. ತೊಟ್ಟಿಯನ್ನು ಬ್ಲೀಚಿಂಗ್ ಹಾಕಿ ತಿಕ್ಕಿ ತೊಳೆದೆ, ಅದೇ ಸಂಜೆ ಮೀನು ಬಿಟ್ಟೆ. ಎರಡು ದಿನಕ್ಕೊಮ್ಮೆ ನೀರೆಲ್ಲ ಚೆಲ್ಲಿ, ಕಲ್ಲು ಉಜ್ಜಿ, ಸ್ಪಂಜನ್ನು ಸೋಪು ಹಾಕಿ ಹಿಂಡುತ್ತಿದ್ದೆ. ಹುಳಕ್ಕೆ ಸೊಪ್ಪು ಕೊಟ್ಟ ಹಾಗೆ ಹೊತ್ತು ಹೊತ್ತಿಗೆ ಕಾಳು ಹಾಕುತ್ತಿದ್ದೆ. ನಾಲ್ಕನೆಯ ದಿನ ಒಂದು ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟಿತು, ಸಂಜೆಗೆ ತೇಲಿತು. ಇನ್ನೂ ಚೆನ್ನಾಗಿ ತೊಳೆದೆ. ಇನ್ನೊಂದು ಹೋಯಿತು. ತೊಳೆದಷ್ಟೂ ಸಾಯುತ್ತಿವೆಯಲ್ಲ, ನಾನು ಎಲ್ಲಿ ತಪ್ಪಿದೆ ಅಂತ ಯಾರನ್ನು ಕೇಳಲಿ? ಕೇಳಬೇಕಾದದ್ದು ನಿಮ್ಮನ್ನು, ನೀವಂತೂ... ಹದಿನೈದು ದಿನಕ್ಕೆ ಐದು ಹೋಗಿ ಬಿಳಿ ಬಾಲದ್ದೊಂದೇ ಉಳಿಯಿತು. ಅದೂ ತಳ ಸೇರಿ ಓರೆಯಾಗಿ ಮಲಗಿತು. ಅದೊಂದು ಉಳಿಯದಿದ್ದರೆ ನಿಮಗೆ ಕೊಟ್ಟ ಮಾತು ಎರಡನೆಯ ಸಲ ಸತ್ತ ಹಾಗೆ ಅಂತ ಅತ್ತುಬಿಟ್ಟೆ.

ನಮ್ಮ ಗೂಡು ಕೊಳ್ಳುವ ರಾಮನಗರದ ಸಾಹೇಬರು, ನೂಲು ತೆಗೆಯುವವರು, ಒಮ್ಮೆ ನಮ್ಮ ಜಗಲಿಯಲ್ಲಿ ಕೂತು ತಮ್ಮ ಮನೆಯ ಮೀನಿನ ಸುದ್ದಿ ಹೇಳಿದ್ದು ನೆನಪಾಯಿತು. ನಿಮ್ಮ ಮಗನನ್ನು ಎಬ್ಬಿಸಿಕೊಂಡು ಅವರ ಮನೆಗೇ ಹೋದೆ. ಸಾಹೇಬರು ನಾನು ಮಾಡಿದ್ದನ್ನೆಲ್ಲ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. "ಅಮ್ಮಾ, ಹುಳದ ಮನೆ ಕಾನೂನು ಇಲ್ಲಿ ನಡೆಯಲ್ಲ. ಆ ಸ್ಪಂಜಿನ ಕೊಳೇಲೇ ಮೀನಿನ ಜಾನ್ ಇರೋದು. ನೀವು ಅದನ್ನೇ ತೊಳ್ದು ತೊಳ್ದು ಚೆಲ್ತಾ ಇದೀರಿ" ಅಂದರು. ಮೀನಿನ ಹೇಲು, ಮಿಕ್ಕ ಕಾಳು ನೀರನ್ನು ವಿಷ ಮಾಡುತ್ತವಂತೆ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಗಳು ಸ್ಪಂಜಿನಲ್ಲಿ ನೆಲೆಸಬೇಕಂತೆ. ಅದಕ್ಕೆ ತಿಂಗಳ ಮೇಲೆ, ನಮ್ಮ ಒಂದು ಹುಳದ ಬೆಳೆಗಿಂತ ಒಸಿ ಹೆಚ್ಚೇ ದಿನ ಹಿಡಿಯುತ್ತದಂತೆ. ಅಲ್ಲಿಯವರೆಗೆ ಮೀನು ಒಂದೋ ಎರಡೋ, ಕಾಳು ಒಂದು ಚಿಟಿಕೆ. ನೀರು ತೆಗೆದರೆ ಕಾಲು ಭಾಗ ಮಾತ್ರ, ಸ್ಪಂಜು ಹಿಂಡಿದರೂ ತೊಟ್ಟಿಯಿಂದ ತೆಗೆದ ಆ ನೀರಿನಲ್ಲೇ. ಇಷ್ಟು ಹೇಳಿ ತಮ್ಮ ಹಳೆಯ ತೊಟ್ಟಿಯ ಸ್ಪಂಜನ್ನು ಬ್ಲೇಡಿನಲ್ಲಿ ಅರ್ಧ ಕತ್ತರಿಸಿ, ಕೊಳೆಯ ಸಮೇತ ಚೀಲಕ್ಕೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡಳು.

ಮನೆಗೆ ಬಂದು ಆ ಸ್ಪಂಜು ಹಿಡಿದು ತೊಟ್ಟಿಯ ಮುಂದೆ ಎಷ್ಟು ಹೊತ್ತು ನಿಂತೆ ಗೊತ್ತೇ? ಬೇರೆ ಮನೆಯ ಕೊಳೆ ಅತ್ತೆಮ್ಮಾ. ಒಡಹುಟ್ಟಿದವಳನ್ನೇ ಜಗಲಿಯಲ್ಲಿ ಕೂರಿಸಿದವರ ಸೊಸೆ ನಾನು. "ಹಾಕೇ, ಅವ್ವ ಇದ್ದಿದ್ರೂ ಜೀವ ಉಳಿಯೋದನ್ನೇ ನೋಡೋರು" ಅಂದರು ನಿಮ್ಮ ಮಗ. ತಪ್ಪಾಯಿತು ಅಂತ ನಿಮಗೆ ಒಂದು ಮಾತು ಹೇಳಿ ಹಾಕಿಬಿಟ್ಟೆ. ಎರಡು ದಿನ ಕಾಳು ಹಾಕಬೇಡಿ ಅಂದಿದ್ದರು ಸಾಹೇಬರು. ಅದು ನನಗೆ ಕಷ್ಟವಾಗಲಿಲ್ಲ. ಹುಳ ಪೊರೆ ಬಿಡುವ ಮುಂಚೆ ಜ್ವರಕ್ಕೆ ಕೂತಾಗ ಸೊಪ್ಪು ಎರಚಬಾರದು, ಸುಮ್ಮನೆ ಕಾಯಬೇಕು ಅಂತ ಕಲಿಸಿದವರು ನೀವೇ. ಕಾದೆ. ಕರೆಂಟು ಹೋಗಿ ಗಾಳಿಯ ಪಂಪು ನಿಂತಾಗ ಚೊಂಬಿನಲ್ಲಿ ತೊಟ್ಟಿಯ ನೀರನ್ನೇ ಎತ್ತಿ ಎತ್ತಿ ಹುಯ್ದೆ. ಮೂರನೆಯ ಬೆಳಿಗ್ಗೆ ಅದು ನೆಟ್ಟಗಾಗಿ ಗಾಜಿನ ಹತ್ತಿರ ಬಂದಿತ್ತು.

ಅದಾಗಿ ಎರಡು ಬೆಳೆಗಳಷ್ಟು ದಿನ ಕಳೆದಿವೆ. ಬಿಳಿ ಬಾಲದ್ದು ಬದುಕಿದೆ ಅತ್ತೆಮ್ಮಾ, ನನ್ನ ಬೆರಳು ಕಂಡರೆ ಓಡಿ ಬರುತ್ತದೆ. ಮೊನ್ನೆ ಅದಕ್ಕೊಂದು ಜೊತೆಯನ್ನೂ ಬಿಟ್ಟಿದ್ದೇವೆ. ನಿಮಗೆ ತೋರಿಸಬೇಕಿತ್ತು. ಒಂದು ಸಲ, ಒಂದೇ ಒಂದು ಸಲ...

ಇನ್ನೊಂದು ಮಾತು ಹೇಳಬೇಕು. ನೀವು ಹೋದ ಮೂರನೆಯ ದಿನ, ಬೆಳೆ ಇಳಿದ ಮೇಲೆ ಹುಳದ ಮನೆ ತೊಳೆಯುವ ಹಾಗೆ, ನಿಮ್ಮ ಕೋಣೆಯನ್ನೆಲ್ಲ ಬ್ಲೀಚಿಂಗ್ ಹಾಕಿ ತೊಳೆದೆ. ಸೀರೆ, ಕಂಬಳಿ, ಮಂಚದ ಹಗ್ಗ ಕೂಡ. ಅತ್ತೆಮ್ಮ ಮೆಚ್ಚುತ್ತಾರೆ ಅಂದುಕೊಂಡೆ. ಆಮೇಲೆ ನಿಮ್ಮ ವಾಸನೆ ಬೇಕು ಅನ್ನಿಸಿ ಒಂದೊಂದು ಸೀರೆಯನ್ನೂ ಮೂಸಿ ನೋಡಿದೆ. ಬರೀ ಬ್ಲೀಚಿಂಗ್.

ನಾಳೆ ಹೊಸ ಮರಿಹುಳ ಬರುತ್ತವೆ. ಇವತ್ತು ಹುಳದ ಮನೆ ತೊಳೆಯುವಾಗ ಬಾಗಿಲ ಹಿಂದಿನ ಮೊಳೆಯಲ್ಲಿ ನೀವು ಕೈ ಒರೆಸುತ್ತಿದ್ದ ಬಟ್ಟೆ ಸಿಕ್ಕಿತು. ಸೊಪ್ಪಿನ ಕಲೆ, ನಿಮ್ಮ ಎಲೆಅಡಿಕೆಯ ವಾಸನೆ, ಎಲ್ಲ ಹಾಗೇ ಇದೆ. ಬಕೆಟ್ಟಿನ ತನಕ ಹೋದವಳು ತಿರುಗಿ ಬಂದೆ. ಹುಳದ ಮನೆಯಿಂದ ತಂದು ನನ್ನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಇದನ್ನು ಮಾತ್ರ ತೊಳೆಯುವುದಿಲ್ಲ. ಬೈಯುವುದಿದ್ದರೆ ಬಂದು ಬೈಯಿರಿ.